ತೋಟದ ಹಕ್ಕಿಗಳಿಗೆ ಯಾವ ಕ್ಯಾಮೆರಾ: ಲೆನ್ಸ್ ಬಿಚ್ಚಲಾಗದ ಝೂಮಾ, ಲೆನ್ಸ್ ಬದಲಿಸುವಂಥದ್ದಾ? ಬಜೆಟ್ 70 ಸಾವಿರ

ಗೋಣಿಮರದ_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪ ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಎದುರಿಗೆ ದೊಡ್ಡ ಗೋಣಿ ಮರ ಇದೆ, ಹಣ್ಣು ಬಿಟ್ಟರೆ ಮಂಗಟ್ಟೆ ಹಕ್ಕಿಗಳ ಸಂತೆ. ಹಿಂದೆ ಅಡಿಕೆ ತೋಟ, ಅದರ ಕೆಳಗೆ ಸಣ್ಣ ಹಳ್ಳ. ಹಳ್ಳದ ಹತ್ತಿರ ಬೆಳಗಿನ ಜಾವ ಸಿಳ್ಳಾರ ಕೂಗುತ್ತದೆ. ನನ್ನ ಕ್ಲಾಸಿನ ಹಿಂದಿನ ಬೆಂಚಿನ ಹುಡುಗರ ಹಾಗೆ ರಾಗ ಶುರು ಮಾಡಿ ಅರ್ಧಕ್ಕೇ ಬಿಟ್ಟುಬಿಡುತ್ತದೆ. ಇಷ್ಟು ವರ್ಷ ಬೈನಾಕ್ಯುಲರಿನಲ್ಲಿ ನೋಡಿದ್ದಾಯಿತು, ಈಗ ಫೋಟೋ ತೆಗೆಯಬೇಕು ಅನ್ನಿಸಿದೆ. ಮೊಬೈಲಿನಲ್ಲಿ ತೆಗೆದರೆ ಮಂಗಟ್ಟೆ ಇರುವೆಯಷ್ಟು ಕಾಣುತ್ತದೆ.

ಪರಿಚಯದವರೊಬ್ಬರು ನಿಕಾನ್ ಪಿ950 ತಗೊಳ್ಳಿ, ಒಂದೇ ಲೆನ್ಸಿನಲ್ಲಿ ಎಲ್ಲ ಮುಗಿಯುತ್ತದೆ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ ಅದು ಆಟದ ಸಾಮಾನು, ಲೆನ್ಸ್ ಬದಲಿಸುವ ಮಿರರ್‌ಲೆಸ್ ತಗೋ ಅಕ್ಕಾ ಅನ್ನುತ್ತಾನೆ. ಕೂಡಿಟ್ಟಿರುವುದು 70 ಸಾವಿರ. ಮಗಳ ಸ್ಕೂಲ್ ಡೇ ಕೂಡ ಅದರಲ್ಲೇ ಆಗಬೇಕು. ಏನು ಮಾಡಲಿ?

ಕೆರೆಏರಿ_ಕಿಟ್ಟಿ
ಪಿ950. ಕಣ್ಣು ಮುಚ್ಚಿಕೊಂಡು ತಗೊಳ್ಳಿ ಮೇಡಂ.

ಬೆಳಕಿನ_ದಾಸ
ಕಣ್ಣು ಮುಚ್ಚಿಕೊಂಡು ತಗೊಂಡರೆ ಫೋಟೋಗಳೂ ಹಾಗೇ ಬರುತ್ತವೆ. ಮೇಡಂ, ಮೊದಲು ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಅದರ ಗಾತ್ರ ನೋಡಿ. ಪಿ950ಯ ಸೆನ್ಸರ್ ಸುಮಾರು 6.2 ಎಂಎಂ ಅಗಲ, 4.6 ಎಂಎಂ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕ್ಯಾನನ್ ಆರ್50ರಂಥ ಮಿರರ್‌ಲೆಸ್‌ನದು 22.3ಕ್ಕೆ 14.9. ಗುಣಿಸಿ ನೋಡಿ, ಹನ್ನೆರಡು ಪಟ್ಟು ಹತ್ತಿರ ಬರುತ್ತದೆ. ಅಡಿಕೆ ತೋಟದ ಕತ್ತಲೆಯಲ್ಲಿ ಆ ಉಗುರಿನಷ್ಟು ಸೆನ್ಸರ್ ಏನು ಮಾಡೀತು? ಚಿತ್ರ ಪೂರ್ತಿ ರವೆ ಚೆಲ್ಲಿದ ಹಾಗಿರುತ್ತದೆ, ಇಲ್ಲದಿದ್ದರೆ ಕ್ಯಾಮೆರಾನೇ ಆ ರವೆಯನ್ನು ಒರೆಸಿ ಹಕ್ಕಿಯನ್ನು ಮೇಣದ ಬೊಂಬೆ ಮಾಡಿಬಿಡುತ್ತದೆ.

ಕೆರೆಏರಿ_ಕಿಟ್ಟಿ
ಬಂದರು ನೋಡಿ ಸೆನ್ಸರ್ ಪುರೋಹಿತರು. ನಾನು ಮಂಡ್ಯ ಕಡೆಯವನು, 5 ವರ್ಷದಿಂದ ಇಂಥದ್ದೇ ಝೂಮ್ ಕ್ಯಾಮೆರಾ ಇಟ್ಟುಕೊಂಡಿದ್ದೇನೆ. ಕೆರೆ ಆಚೆ ದಡದಲ್ಲಿ ಒಣಮರದ ಮೇಲೆ ಏನೋ ಕೂತಿತ್ತು, ಬರಿಗಣ್ಣಿಗೆ ಕಪ್ಪು ಚುಕ್ಕೆ. ಝೂಮ್ ಮಾಡಿದೆ. ನೋಡಿದರೆ ಮೀನು ಹಿಡಿಯುವ ಡೇಗೆ, ಕಾಲಲ್ಲಿ ಅರ್ಧ ತಿಂದ ಮೀನು! ಪಕ್ಕದಲ್ಲಿ ನಿಂತಿದ್ದ ದೊಡ್ಡ ಲೆನ್ಸಿನ ಸಾಹೇಬರು ಟ್ರೈಪಾಡ್ ಬಿಚ್ಚುತ್ತಲೇ ಇದ್ದರು.

ಬೆಳಕಿನ_ದಾಸ
ಕೆರೆ ಏರಿ ಮೇಲೆ ಬಿಸಿಲಿರುತ್ತದೆ ಕಿಟ್ಟಿಯವರೇ. ಅವರು ಕೇಳಿದ್ದು ತೋಟದ ಬಗ್ಗೆ.

ಕೆರೆಏರಿ_ಕಿಟ್ಟಿ
ಗೋಣಿ ಮರದ ತುದಿಗೂ ಬಿಸಿಲು ಬೀಳುತ್ತದೆ ಸ್ವಾಮಿ.

ಕುಡ್ಲದ_ಕೋಣ
ನಾನು ಕಂಬಳದ ಫೋಟೋ ತೆಗೆಯುವವನು ಮಾರಾಯ್ರೆ, ಹಕ್ಕಿಗೂ ನನಗೂ ದೂರ. ಆದರೆ ಒಂದು ಮಾತು. ಹಗಲಿನ ಓಟಕ್ಕೆ ಝೂಮ್ ಕ್ಯಾಮೆರಾ ಧಾರಾಳ ಸಾಕು, ನೀರು ಚಿಮ್ಮುವುದೆಲ್ಲ ಚಂದ ಬರುತ್ತದೆ. ರಾತ್ರಿ ಲೈಟ್ ಹಾಕಿದ ಮೇಲೆ ಅದೇ ಕ್ಯಾಮೆರಾ, ಅದೇ ಕೈ, ಕೋಣ ಯಾವುದು ಓಡಿಸುವವ ಯಾವುದು ಗೊತ್ತಾಗುವುದಿಲ್ಲ. ಎರಡು ಸೀಸನ್ ನೋಡಿ ಕೊನೆಗೆ ಜಾಸ್ತಿ ಬೆಳಕು ಬಿಡುವ ಎಫ್ 2.8ರ 70-200 ಲೆನ್ಸ್ ತೆಗೆದುಕೊಂಡೆ. ಹೆಂಡತಿಗೆ ಬೆಲೆ ಇನ್ನೂ ಹೇಳಿಲ್ಲ.

ಹಾರುವ_ಬೆಕ್ಕು
ಪಿ1000 ಯಾಕೆ ಯಾರೂ ಹೇಳುತ್ತಿಲ್ಲ? 125 ಪಟ್ಟು ಝೂಮ್, 3000 ಎಂಎಂ. ಚಂದ್ರನ ಮೇಲಿನ ಗುಂಡಿಗಳು ಕಾಣುತ್ತವೆ.

ಕುಡ್ಲದ_ಕೋಣ
ಗುಂಡಿ ನೋಡುವುದಕ್ಕೆ ಚಂದ್ರ ಯಾಕೆ, ನಮ್ಮ ಊರಿನ ರಸ್ತೆ ಸಾಲದಾ?

ಸ್ಟುಡಿಯೋ_ಮಾಮ
😂

ಹಾರುವ_ಬೆಕ್ಕು
ತಮಾಷೆ ಅಲ್ಲ, ನಿಜವಾಗಿ ಚೆನ್ನಾಗಿ ಬರುತ್ತದೆ. ವಿಕ್ರಮ್ ಲ್ಯಾಂಡರ್ ಕಾಣುತ್ತದಾ ಅಂತ ಮಾವ ಹುಡುಕಿದರು, ಪಾಪ.

ಅಳತೆ_ಮೇಷ್ಟ್ರು
ಪಿ1000 ತೂಕ 1.4 ಕಿಲೋ, ಝೂಮಿನ ತುದಿಯಲ್ಲಿ ಎಫ್ 8, ಅಂದರೆ ಬೆಳಕು ಕಡಿಮೆ. ತೋಟಕ್ಕೆ ಬೇಡ, ಅದನ್ನು ಚಂದ್ರನಿಗೇ ಬಿಡೋಣ.

ಟೀಚರ್, ನೀವು ಗಣಿತದವರು ಅಂದಿರಿ, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. ಮೊದಲು ಪಿ950ಗೆ 2000 ಎಂಎಂ ಝೂಮ್ ಅಂತ ಹೇಳುತ್ತಾರಲ್ಲ, ಆ ಮಾತು ಬಿಡಿ. ಅದು ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ಗೆ ಹೋಲಿಸಿ ಹೇಳುವ ಅಂಕಿ. ಪಿ950 ಲೆನ್ಸಿನ ನಿಜವಾದ ಫೋಕಲ್ ಲೆಂತ್ ತುದಿಯಲ್ಲಿ 357 ಎಂಎಂ, ಅಪರ್ಚರ್ ಎಫ್ 6.5. 357ನ್ನು 6.5ರಿಂದ ಭಾಗಿಸಿ, 55 ಬರುತ್ತದೆ. ಅಂದರೆ ಬೆಳಕು ಒಳಗೆ ಹೋಗುವ ಕಂಡಿ 55 ಎಂಎಂ ಅಗಲ. ಈಗ ಸೋನಿ ಆರ್‌ಎಕ್ಸ್10 ಮಾರ್ಕ್ 4 ನೋಡಿ. ಅದೂ ಲೆನ್ಸ್ ಬಿಚ್ಚಲಾಗದ್ದೇ, ಆದರೆ 1 ಇಂಚು ಅನ್ನುವ ಹೆಸರಿನ ಸೆನ್ಸರ್. 220 ಭಾಗಿಸು 4, ಮತ್ತೆ 55! ಕ್ಯಾನನ್ ಆರ್50ಗೆ ಆರ್‌ಎಫ್ 100-400 ಲೆನ್ಸ್ ಹಾಕಿದರೆ? 400 ಭಾಗಿಸು 8, ಅಂದರೆ 50.

ಇನ್ನು ತೂಕ. ಪಿ950 ಸುಮಾರು 1 ಕಿಲೋ. ಸೋನಿ 1.1 ಕಿಲೋ. ಕ್ಯಾನನ್ ಬಾಡಿ 375 ಗ್ರಾಂ, ಲೆನ್ಸ್ 635 ಗ್ರಾಂ, ಕೂಡಿದರೆ ಮತ್ತೆ 1 ಕಿಲೋ. ಹಗುರ ಅಂತ ಝೂಮ್ ಕ್ಯಾಮೆರಾ ತಗೊಳ್ಳುವ ಕಾಲ ಹೋಯಿತು.

ತಿರುಳು ಇಷ್ಟು. ದೂರದ ಹಕ್ಕಿಗೆ ಪೂರ್ತಿ ಝೂಮ್ ಮಾಡಿದಾಗ ಈ ಮೂರೂ ಆ ಹಕ್ಕಿಯ ಬೆಳಕನ್ನು ಹೆಚ್ಚುಕಡಿಮೆ ಒಂದೇ ಅಳತೆಯ ಕೊಳಗದಲ್ಲಿ ಹಿಡಿಯುತ್ತವೆ. ಅಲ್ಲಿ ಪಿ950ಯನ್ನು ಬೈಯುವುದು ತಪ್ಪು. ಹಕ್ಕಿ ಹತ್ತಿರ ಬಂದಾಗ ಆಟ ಬದಲಾಗುತ್ತದೆ. ನೀವು ಝೂಮ್ ಇಳಿಸಲೇಬೇಕು, ಇಳಿಸಿದ ಕೂಡಲೆ ಪಿ950ಯ ಕಂಡಿಯೂ ಕಿರಿದಾಗುತ್ತದೆ. ಮಿಕ್ಕ ಎರಡರಲ್ಲಿ ಅದೇ ದೂರಕ್ಕೆ ಇನ್ನೂ 50, 55 ಇದ್ದೇ ಇರುತ್ತದೆ. ಮಂಗಟ್ಟೆ ದೂರದ ಹಕ್ಕಿ, ಸಿಳ್ಳಾರ ಹತ್ತಿರದ ಹಕ್ಕಿ. ನಿಮಗೆ ಯಾವುದು ಜಾಸ್ತಿ ಮುಖ್ಯ?

ಗೋಣಿಮರದ_ಟೀಚರ್
ಮೇಷ್ಟ್ರೇ, ಮೂರು ದಿನದಿಂದ ವಿಡಿಯೋ ನೋಡಿ ತಲೆ ಕೆಟ್ಟಿತ್ತು, ಒಂದು ಭಾಗಾಕಾರದಲ್ಲಿ ಅರ್ಥವಾಯಿತು. ಇದನ್ನು ನಾಳೆ ಎಂಟನೇ ಕ್ಲಾಸಿಗೆ ಹೇಳುತ್ತೇನೆ. ಆದರೆ ಎರಡೂ ಹಕ್ಕಿ ಬೇಕು ಅಂದರೆ?

ಸ್ಟುಡಿಯೋ_ಮಾಮ
ಎರಡೂ ಬೇಕು ಅಂದರೆ ಎರಡು ಪರ್ಸು ಬೇಕು ರೀ.

ಬೆಳಕಿನ_ದಾಸ
ಮೇಷ್ಟ್ರ ಲೆಕ್ಕ ಸರಿ. ಆದರೆ ಕೊಳಗ ಒಂದೇ ಆದರೂ ಒಂದು ತೊಡಕಿದೆ. ಅಷ್ಟು ಚಿಕ್ಕ ಸೆನ್ಸರ್‌ನಲ್ಲಿ ಎಫ್ 6.5 ಅಂದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ. 16 ಮೆಗಾಪಿಕ್ಸೆಲ್ ಅಂತ ಬರೆದಿರುತ್ತಾರೆ, ತುದಿ ಝೂಮಿನಲ್ಲಿ ಅಷ್ಟೂ ಪಿಕ್ಸೆಲ್‌ಗೆ ಕೆಲಸ ಇರುವುದಿಲ್ಲ. ಹಾರುವ ಹಕ್ಕಿಯ ಫೋಕಸ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಪಿ950 ಹಳೆಯ ಕಾಂಟ್ರಾಸ್ಟ್ ಪದ್ಧತಿಯಲ್ಲಿ ಹಿಂದೆ ಮುಂದೆ ತಡಕಾಡಿ ಫೋಕಸ್ ಹಿಡಿಯುತ್ತದೆ. ಆರ್50 ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ.

ಅಳತೆ_ಮೇಷ್ಟ್ರು
ಒಪ್ಪಿದೆ. ಆದರೆ ನ್ಯಾಯವಾಗಿ ಎರಡೂ ಕಡೆ ಹೇಳಿ. ಆರ್50ಗೆ 100-400 ಹಾಕಿದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 640 ಎಂಎಂನಷ್ಟು ನೋಟ. ಅದನ್ನು 2000ದಷ್ಟು ಹತ್ತಿರ ತರಲು ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಎರಡೂವರೆ. ಮತ್ತೆ ಆ ಬಾಡಿ, ಲೆನ್ಸ್ ಎರಡೂ ಹೊಸದು ಅಂದರೆ ಲಕ್ಷ ದಾಟುತ್ತದೆ. ಟೀಚರ್ ಹತ್ತಿರ ಇರುವುದು 70.

ಕೆರೆಏರಿ_ಕಿಟ್ಟಿ
ಅಬ್ಬಾ, ಕೊನೆಗೂ ದುಡ್ಡಿನ ಮಾತು ಬಂತು. ಎಲ್ಲರೂ ಬೇರೆಯವರ ಪರ್ಸಿನಲ್ಲಿ ಲೆನ್ಸ್ ಕೊಳ್ಳುವವರೇ.

ಮೇಡಂ, ಝೂಮ್ ಕ್ಯಾಮೆರಾ ತಗೊಂಡರೆ ಒಂದು ವಿದ್ಯೆ ಕಲಿಯಿರಿ. ಪೂರ್ತಿ ಝೂಮಿನಲ್ಲಿ ಹಕ್ಕಿ ಹುಡುಕುವುದು ಅಂದರೆ ಕೊಳವೆಯಲ್ಲಿ ನೋಡಿ ಸೂಜಿಗೆ ದಾರ ಪೋಣಿಸಿದ ಹಾಗೆ. ಕೊಂಬೆ, ಎಲೆ, ಆಕಾಶ, ಮತ್ತೆ ಎಲೆ, ಅಷ್ಟರಲ್ಲಿ ಹಕ್ಕಿ ಪಕ್ಕದ ಊರಿಗೆ ಹೋಗಿರುತ್ತದೆ. ಪಿ950ಯಲ್ಲಿ ಲೆನ್ಸಿನ ಎಡಮಗ್ಗುಲಲ್ಲಿ ಒಂದು ಬಟನ್ ಇದೆ. ಒತ್ತಿ ಹಿಡಿದರೆ ಝೂಮ್ ಹಿಂದಕ್ಕೆ ಬರುತ್ತದೆ, ಹಕ್ಕಿಯನ್ನು ಚೌಕಟ್ಟಿನ ಮಧ್ಯಕ್ಕೆ ತಂದು ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಹೋಗುತ್ತದೆ. ನನಗೆ ಇದು ಗೊತ್ತಾಗಿದ್ದು ಎಂಟು ತಿಂಗಳ ನಂತರ. ಅಲ್ಲಿಯವರೆಗೆ ತೆಗೆದದ್ದೆಲ್ಲ ಬರೀ ಕೊಂಬೆ.

ಕೊಡಗಿನ_ಮಳೆ
ಎಲ್ಲರೂ ಬಿಸಿಲಿನ ಮಾತಾಡುತ್ತಿದ್ದೀರಿ. ಕೊಪ್ಪ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಜಾಗ. ಟೀಚರ್, ಫಂಗಸ್ ಬಗ್ಗೆ ಯೋಚಿಸಿದ್ದೀರಾ?

ನನ್ನ ಕಥೆ ಹೇಳುತ್ತೇನೆ. ಒಂದು ಝೂಮ್ ಕ್ಯಾಮೆರಾ ಇತ್ತು, ಕಂಪನಿ ಯಾವುದಾದರೂ ಇರಲಿ, ತಪ್ಪು ನನ್ನದೇ. ಮಳೆಗಾಲ ಪೂರ್ತಿ ಅದರ ಬ್ಯಾಗಿನಲ್ಲೇ ಹಾಕಿ ಬೀರುವಿನಲ್ಲಿ ಇಟ್ಟೆ. ಅಕ್ಟೋಬರ್‌ನಲ್ಲಿ ತೆಗೆದು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡ ಬಲೆ ನೇಯ್ದ ಹಾಗೆ ಬಿಳಿ ಎಳೆಗಳು. ಗಾಜಿನ ಹೊರಗಲ್ಲ, ಒಳಗಿನ ಗಾಜಿನ ಮೇಲೆ. ರಿಪೇರಿಯವರು ಪೂರ್ತಿ ಬಿಚ್ಚಬೇಕು, ಅಷ್ಟು ಖರ್ಚು ಮಾಡುವ ಬದಲು ಹೊಸದು ತಗೊಳ್ಳಿ ಅಂದರು. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಾದರೆ ಆ ಒಂದು ಲೆನ್ಸ್ ಹೋಗುತ್ತಿತ್ತು, ಬಾಡಿ ಉಳಿಯುತ್ತಿತ್ತು. ಇದರಲ್ಲಿ ಗಂಡನ ಜೊತೆ ಹೆಂಡತಿಯೂ ಸತಿ ಹೋದ ಹಾಗೆ.

ಸ್ಟುಡಿಯೋ_ಮಾಮ
ಆ ಹೋಲಿಕೆ ಬೇಡಿತ್ತು ರೀ.

ಕೊಡಗಿನ_ಮಳೆ
ಹೌದು, ತಪ್ಪಾಯಿತು. ಜೋಡೆತ್ತಿನಲ್ಲಿ ಒಂದು ಹೋದರೆ ಇನ್ನೊಂದನ್ನೂ ಮಾರಿದ ಹಾಗೆ ಅನ್ನೋಣ.

ಹಾರುವ_ಬೆಕ್ಕು
ಅಕ್ಕಿ ಡಬ್ಬಿಯಲ್ಲಿ ಹಾಕಿಡಿ, ತೇವ ಹೀರುತ್ತದೆ.

ಸ್ಟುಡಿಯೋ_ಮಾಮ
ದಯವಿಟ್ಟು ಅಕ್ಕಿ ಬೇಡ. ಅಕ್ಕಿಯ ಪುಡಿ ಲೆನ್ಸಿನ ಸಂದಿಗೆ ಹೋಗಿ ಕೂರುತ್ತದೆ. 22 ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದೇನೆ, ಅಕ್ಕಿಯಲ್ಲಿ ಹೂತಿಟ್ಟ ಕ್ಯಾಮೆರಾ ಎಷ್ಟು ನೋಡಿಲ್ಲ! ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. 40ರಿಂದ 50 ಪರ್ಸೆಂಟ್ ಒಳಗೆ ಇದ್ದರೆ ಸಾಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ತೇವ ಕುಡಿದು ತುಂಬಿದೆ ಅಂತ, ಹದ ಬಿಸಿಯಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಒಣಗಿಸಬೇಡಿ, ಮನೆಯಲ್ಲಿ ಜಗಳವಾಗುತ್ತದೆ, ಆರೋಗ್ಯಕ್ಕೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ಹೊಡೆಯಿರಿ. ಬಳಸದ ಕ್ಯಾಮೆರಾಕ್ಕೇ ಬೂಸ್ಟು ಜಾಸ್ತಿ.

ಇನ್ನೊಂದು. ಲೆನ್ಸ್ ಬಿಚ್ಚುವುದಿಲ್ಲ, ಹಾಗಾಗಿ ಧೂಳು ಹೋಗುವುದಿಲ್ಲ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅರ್ಧ ಸತ್ಯ. ಆ ಉದ್ದ ಝೂಮ್ ಹೊರಗೆ ಬಂದು ಒಳಗೆ ಹೋಗುವಾಗ ಸೈಕಲ್ ಪಂಪಿನ ಹಾಗೆ ಗಾಳಿ ಎಳೆಯುತ್ತದೆ. ಧೂಳು ಹೋಗುವುದು ಕಡಿಮೆ, ಆದರೆ ಹೋದದ್ದನ್ನು ನೀವು ತೆಗೆಯಲಾಗುವುದಿಲ್ಲ.

ಬೆಳಕಿನ_ದಾಸ
ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೆ ಜಾತಿಯ ಕ್ಯಾಮೆರಾ) ಯಾರೂ ಹೇಳಲಿಲ್ಲ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಹಳೆಯ ಬಾಡಿಗಳು ಅಗ್ಗವಾಗಿ ಸಿಗುತ್ತಿವೆ. ನಿಕಾನ್ ಡಿ7000ಕ್ಕೆ ಹೊಸ ಎಎಫ್-ಪಿ 70-300 ಲೆನ್ಸ್ ಹಾಕಿದರೆ ಮುಗಿಯಿತು.

ಸ್ಟುಡಿಯೋ_ಮಾಮ
ಮುಗಿಯುವುದಂತೂ ನಿಜ. ಎಎಫ್-ಪಿ ಲೆನ್ಸ್ ಡಿ7000ದಲ್ಲಿ ಫೋಕಸ್ಸೇ ಆಗುವುದಿಲ್ಲ ರೀ. ಡಿ90ಯಲ್ಲೂ ಇಲ್ಲ. ಡಿ7200 ಅಥವಾ ಅದರ ನಂತರದ್ದು ನೋಡಬೇಕು. ಲೆನ್ಸ್ ಬದಲಿಸುವ ಕ್ಯಾಮೆರಾದ ತಲೆನೋವೇ ಇದು, ಯಾವ ಕೀಲಿ ಯಾವ ಬೀಗಕ್ಕೆ ಅಂತ ತಿಳಿದುಕೊಂಡು ಕೊಳ್ಳಬೇಕು.

ಬೆಳಕಿನ_ದಾಸ
ಸರಿ, ಡಿ7200. ಬಾಯಿ ತಪ್ಪಿತು.

ಕೆರೆಏರಿ_ಕಿಟ್ಟಿ
ಸೆನ್ಸರ್ ಪುರೋಹಿತರ ಮಂತ್ರ ತಪ್ಪಿತು 😄

ಗೋಣಿಮರದ_ಟೀಚರ್
ಎಲ್ಲ ಓದಿದೆ. ಸ್ಕೂಲ್ ಡೇ ಮಾತ್ರ ಎಲ್ಲರೂ ಮರೆತಿರಿ!

ಸ್ಟುಡಿಯೋ_ಮಾಮ
ಸ್ಕೂಲ್ ಡೇ ಅಂದರೆ ಸಂಜೆ, ಶಾಮಿಯಾನ, ಮೂರು ಬಣ್ಣದ ಲೈಟು. 100-400 ಅಲ್ಲಿ ದಂಡ, ಮುಂದಿನ ಸಾಲಿನಲ್ಲಿ ಕೂತರೆ ಮಗಳ ಮೂಗು ಮಾತ್ರ ಬರುತ್ತದೆ. ಅಲ್ಲಿಗೆ ಬೇರೆ ಲೆನ್ಸ್ ಬೇಕು, 50 ಎಂಎಂ ಎಫ್ 1.8 ಅಂಥದ್ದು. ಅದೊಂದು ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಲೆನ್ಸ್, ಬಾಡಿಗೆ ಸರಿಹೊಂದುವುದನ್ನು ನೋಡಿ ತಗೊಳ್ಳಬೇಕು ಅಷ್ಟೇ. ಝೂಮ್ ಕ್ಯಾಮೆರಾದಲ್ಲಾದರೆ ಇದ್ದದ್ದರಲ್ಲೇ ತೃಪ್ತಿ. ಸುಮ್ನೆ ಮುಂದೆ ಕೂತು ಮೊಬೈಲಿನಲ್ಲಿ ತೆಗೆಯಿರಿ, ಅದೇ ವಾಸಿ.

ಹಾರುವ_ಬೆಕ್ಕು
ಝೂಮ್ ಕ್ಯಾಮೆರಾಕ್ಕೆ ಇನ್ನೊಂದು ಲಾಭ ಇದೆ. ಸಫಾರಿ ಕೌಂಟರಿನಲ್ಲಿ ದೊಡ್ಡ ಲೆನ್ಸಿಗೆ ಬೇರೆ ಚಾರ್ಜು ಕೇಳುತ್ತಾರಲ್ವಾ, ನನ್ನ ಕ್ಯಾಮೆರಾ ಮಡಚಿಕೊಂಡು ಕೂತಿತ್ತು, ಪುಟ್ಟ ಲೆನ್ಸು ಅಂತ ಬಿಟ್ಟರು. ಜೀಪಿನಲ್ಲಿ ಆನ್ ಮಾಡಿದೆ, ಮೊಳದುದ್ದ ಹೊರಗೆ ಬಂತು. ಗೈಡ್ ನನ್ನ ಮುಖ ನೋಡಿದರು, ನಾನು ಜಿಂಕೆ ನೋಡಿದೆ.

ಅಳತೆ_ಮೇಷ್ಟ್ರು
ಮುಂದಿನ ಸಲ ಚಾರ್ಜು ಕಟ್ಟಿ ಮಾರಾಯರೇ. ಟೀಚರ್, ನನ್ನ ಸಲಹೆ ಇಷ್ಟೇ: ಕೊಳ್ಳುವ ಮೊದಲು ಯಾರದ್ದಾದರೂ ಝೂಮ್ ಕ್ಯಾಮೆರಾ ಒಂದು ಭಾನುವಾರಕ್ಕೆ ಕೇಳಿ ತನ್ನಿ. ಬೆಳಗ್ಗೆ ಸಿಳ್ಳಾರ ಬರುವ ಹೊತ್ತಿಗೇ ಹೋಗಿ. ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಿತು) ಎಷ್ಟು, ಶಟರ್ (ಎಷ್ಟು ಸೆಕೆಂಡ್ ತೆರೆದಿತ್ತು) ಎಷ್ಟು, ಎರಡೇ ಅಂಕಿ ಬರೆದುಕೊಂಡು ಬನ್ನಿ. ನಾವು ಇಲ್ಲಿ ಎಷ್ಟು ಕಿತ್ತಾಡಿದರೂ ನಿಮ್ಮ ತೋಟದ ಬೆಳಕು ನಮಗೆ ಗೊತ್ತಿಲ್ಲ.

ಗೋಣಿಮರದ_ಟೀಚರ್
ವಾರದ ನಂತರ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ವಿಜ್ಞಾನದ ಸರ್ ಹತ್ತಿರ ಹೆಚ್ಚುಕಡಿಮೆ ನೀವು ಹೇಳುವ ಜಾತಿಯದೇ ಒಂದು ಝೂಮ್ ಕ್ಯಾಮೆರಾ ಇತ್ತು. ಕೇಳಿ ತಂದೆ.

ಬೆಳಗ್ಗೆ ಆರೂಮುಕ್ಕಾಲಿಗೆ ಹಳ್ಳದ ಹತ್ತಿರ ಹೋಗಿ ಕೂತೆ. ಒಂದು ಕಾಲು ಜಿಗಣೆಗೆ ಬಿಟ್ಟುಕೊಟ್ಟೆ ಅನ್ನಬಹುದು. ಏಳಕ್ಕೆ ಸಿಳ್ಳಾರ ಬಂತು, ನನ್ನಿಂದ ಹನ್ನೆರಡು ಅಡಿ ದೂರದ ಕಲ್ಲಿನ ಮೇಲೆ. ಅಷ್ಟು ಹತ್ತಿರ ಎಂದೂ ನೋಡಿರಲಿಲ್ಲ, ಕೈ ನಡುಗುತ್ತಿತ್ತು. ಐಎಸ್‌ಒ 1600, ಶಟರ್ 1/30. ಒಟ್ಟು 41 ಫೋಟೋ. ಹಕ್ಕಿ ಬಾಲ ಬೀಸಿದ್ದರಲ್ಲೆಲ್ಲ ಬರೀ ಮಬ್ಬು. ಅಲ್ಲಾಡದೆ ಕೂತ ಒಂದೆರಡರಲ್ಲಿ ಹಕ್ಕಿ ಅಂತ ಗೊತ್ತಾಗುತ್ತದೆ, ಆದರೆ ಗರಿಯ ನೀಲಿ ಹೊಳಪು ಇಲ್ಲ. ಕಲ್ಲಿನ ಮೇಲೆ ಯಾರೋ ನೀಲಿ ಬಟ್ಟೆ ಒಗೆದು ಮರೆತು ಹೋದ ಹಾಗಿದೆ. ದಾಸರೇ, ಮೇಣದ ಬೊಂಬೆ ಅಂದಿರಲ್ಲ, ಅದೇ.

ಒಂಬತ್ತೂವರೆಗೆ ಮನೆ ಎದುರು ಬಂದೆ. ಗೋಣಿ ಮರ ಜಗಲಿಯಿಂದ 80 ಹೆಜ್ಜೆ. ಬಿಸಿಲು ತುದಿಗೆ ಬಿದ್ದಿತ್ತು. ಜಗಲಿ ಕಂಬಕ್ಕೆ ಕ್ಯಾಮೆರಾ ಆನಿಸಿ ತೆಗೆದೆ. ಮಂಗಟ್ಟೆಯ ರೆಪ್ಪೆ ಕೂದಲು ಎಣಿಸಬಹುದು! ಹಕ್ಕಿಗೆ ರೆಪ್ಪೆ ಕೂದಲು ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅತ್ತೆ, ಮಗಳು, ಕೆಲಸಕ್ಕೆ ಬಂದವರು ಎಲ್ಲರೂ ಸಾಲಾಗಿ ನಿಂತು ನೋಡಿದರು. ಕಿಟ್ಟಿಯವರೇ, ನಿಮ್ಮ ಮಾತೂ ಸುಳ್ಳಲ್ಲ.

ಕೆರೆಏರಿ_ಕಿಟ್ಟಿ
ನಾನು ಯಾವತ್ತು ಸುಳ್ಳು ಹೇಳಿದ್ದೆ ಮೇಡಂ?

ಬೆಳಕಿನ_ದಾಸ
1/30ಕ್ಕೆ ಯಾವ ಕ್ಯಾಮೆರಾ ಆದರೂ ಕಷ್ಟವೇ, ಅದನ್ನು ನಾನೂ ಹೇಳುತ್ತೇನೆ. ಆದರೆ ದೊಡ್ಡ ಸೆನ್ಸರ್‌ನಲ್ಲಿ ಐಎಸ್‌ಒ 6400ಕ್ಕೆ ಏರಿಸಿ 1/125 ಮಾಡಿಕೊಳ್ಳಬಹುದು. ಸ್ವಲ್ಪ ರವೆ ಇದ್ದರೂ ಗರಿ ಉಳಿಯುತ್ತದೆ.

ಅಳತೆ_ಮೇಷ್ಟ್ರು
ಈಗ ನಿಮ್ಮ ಆಯ್ಕೆ?

ಗೋಣಿಮರದ_ಟೀಚರ್
ಮಂಗಟ್ಟೆ ಬೇಕು ಅನ್ನಿಸಿದಾಗ ವಿಜ್ಞಾನದ ಸರ್ ಕ್ಯಾಮೆರಾ ಇದ್ದೇ ಇದೆ, ಅವರು ಅದನ್ನು ಹೊರಗೆ ತೆಗೆದು ವರ್ಷವಾಗಿತ್ತಂತೆ. ಫಂಗಸ್ ಬರದ ಹಾಗೆ ನಾನೇ ನೋಡಿಕೊಳ್ಳುತ್ತೇನೆ ಅಂದೆ, ಖುಷಿಯಾದರು. ನನಗೆ ಸಿಳ್ಳಾರ ಬೇಕು. ಅಡಿಕೆ ಮಾರಿದ ಮೇಲೆ ಇನ್ನೊಂದು 40 ಸಾವಿರ ಸೇರಿಸಿ ಆರ್50, 100-400 ನೋಡುತ್ತೇನೆ. ಅಷ್ಟಕ್ಕೂ ಸಾಲದಿದ್ದರೆ ಬಾಡಿ ಸೆಕೆಂಡ್ ಹ್ಯಾಂಡ್. ತಮ್ಮನಿಗೆ ಮಾತ್ರ ಹೇಳಬೇಡಿ, ನಾನು ಹೇಳಲಿಲ್ವಾ ಅಂತ ಶುರು ಮಾಡುತ್ತಾನೆ.

ಸ್ಟುಡಿಯೋ_ಮಾಮ
ಸೆಕೆಂಡ್ ಹ್ಯಾಂಡ್ ಆದರೆ ಕೈಯಲ್ಲಿ ಹಿಡಿದು ನೋಡಿಯೇ ದುಡ್ಡು ಕೊಡಿ. ಲೆನ್ಸಿಗೆ ಟಾರ್ಚ್ ಬಿಡಿ, ಬಿಳಿ ಗೋಡೆಯ ಫೋಟೋ ತೆಗೆದು ಚುಕ್ಕೆ ಇದೆಯಾ ನೋಡಿ.

ಕುಡ್ಲದ_ಕೋಣ
ಅಡಿಕೆ ಈಗ ಮಾರಬೇಡಿ ಟೀಚರ್, ಇನ್ನೂ ಏರುತ್ತದೆ ಅಂತ ನಮ್ಮ ಕಡೆ ಮಾತಿದೆ.

ಕೊಡಗಿನ_ಮಳೆ
ಹೋದ ವರ್ಷವೂ ಹಾಗೇ ಅಂದಿದ್ದಿರಿ. ಅದನ್ನು ಕೇಳಿ ನನ್ನ ಭಾವ ಕಾಯುತ್ತಲೇ ಇದ್ದಾರೆ.

ಬೆಳಕಿನ_ದಾಸ
ಅಡಿಕೆ ಆಮೇಲೆ. ಆ ಮಂಗಟ್ಟೆ ಫೋಟೋ ಹಾಕಿ ಮೇಡಂ, ನೋಡೋಣ ಈ ಉಗುರಿನ ಸೆನ್ಸರ್ ಏನು ಮಾಡಿದೆ ಅಂತ.

ಗೋಣಿಮರದ_ಟೀಚರ್
ಹಾಕಿದ್ದೇನೆ. ಕೊಕ್ಕಿನಲ್ಲಿರುವುದು ಗೋಣಿ ಹಣ್ಣು ಅಂದುಕೊಂಡಿದ್ದೆ. ಮಗಳು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಅಮ್ಮಾ ಹಣ್ಣಿಗೆ ಬಾಲ ಇರುತ್ತದಾ ಅಂದಳು. ಓತಿಕ್ಯಾತ.

ಬೆಳಕಿನ_ದಾಸ
ಬಾಲದ ಪಟ್ಟೆ ಕೂಡ ಕಾಣುತ್ತಿದೆ. ಸರಿ ಕಿಟ್ಟಿಯವರೇ, ಇದೊಂದು ನಿಮಗೆ.